ವೋಲ್ಗಾ ದಡದಲ್ಲಿ ಎರಡು ಚಮಚ ಸಕ್ಕರೆ

“ನೀನು ಮೈಸೂರಿನವಳಲ್ವಾ? ನಮ್ಮಪ್ಪನಿಗೆ ಮೈಸೂರಿನ ಒಬ್ಬ ಹುಡುಗನ ಪರಿಚಯ ಇತ್ತು. ನಿನಗೂ ಗೊತ್ತಿರಬಹುದಾ?”

ಈ ಪ್ರಶ್ನೆ ಕಿವಿಗೆ ಬಿದ್ದರೆ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ಹೊರದೇಶದಲ್ಲಿರುವ ಯಾವ ಭಾರತೀಯರಿಗೆ ಉರಿಯುವುದಿಲ್ಲ ಹೇಳಿ? ಅಷ್ಟು ಕೋಟಿ ಜನ ನಾವೇನು ಒಂದೇ ವಠಾರದಲ್ಲಿ, ಒಂದೇ ನಲ್ಲಿಯ ಮುಂದೆ ಬಿಂದಿಗೆ ಇಟ್ಟುಕೊಂಡು ಬೆಳೆದವರಾ?

ಕೇಳಿದವಳು ಜೂಲಿ. ಸಿಂಗಪುರದ ರಾಫೆಲ್ಸ್ ಪ್ಲೇಸ್‌ನ ನಮ್ಮ ಆಫೀಸಿನಲ್ಲಿ ನನ್ನ ಎದುರಿನ ಸೀಟು. ಅಮೆರಿಕದವಳು, ಒಳ್ಳೆಯವಳು. (ಒಳ್ಳೆಯವರೇ ಇಂಥದ್ದನ್ನು ಕೇಳುವುದು. ಉಳಿದವರಿಗೆ ನಾವು ಯಾವ ಊರಿನವರಾದರೇನು?) ಅವಳ ಅಪ್ಪ ಡೇವಿಡ್, ಎಂಬತ್ತು ದಾಟಿದವರು, ಮಗಳ ಮನೆಗೆ ಬಂದಿದ್ದರು.

“ಹೆಸರೇನಂತೆ ಆ ಹುಡುಗನದು?” ಅಂದೆ, ನೂಡಲ್ಸ್ ತಿರುವುತ್ತಾ, ಸ್ವಲ್ಪ ವ್ಯಂಗ್ಯವಾಗಿಯೇ.

“ಮೂರ್ಟಿ.”

ಆಹಾ! ಮೈಸೂರಿನಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೆ ಅದು ಯಾರಾದರೂ ಮೂರ್ತಿಯ ತಲೆಗೇ ಬೀಳುತ್ತದೆ.

“ಆದರೆ ಅವನು ಮೈಸೂರಿನಲ್ಲಿ ಸಿಕ್ಕಿದ್ದಲ್ಲ,” ಅಂದಳು ಜೂಲಿ. “ರಷ್ಯಾದಲ್ಲಿ. ವೋಲ್ಗಾ ನದಿಯ ದಡದ ಯಾವುದೋ ಊರು. ಎಂಬತ್ತರ ದಶಕದ ಕೊನೆಯಲ್ಲಿ ಅಪ್ಪ ಒಂದು ಗುಂಪಿನ ಜತೆ ಅಲ್ಲಿಗೆ ಹೋಗಿದ್ದ. ಜನ ಜನರನ್ನು ನೋಡಿದರೆ ಯುದ್ಧ ನಿಲ್ಲುತ್ತದೆ ಅಂತ ನಂಬಿದ್ದ ಕಾಲ ಅದು. ಆ ಹುಡುಗ ಅಲ್ಲಿ ಓದುತ್ತಿದ್ದನಂತೆ. ಅಪ್ಪನಿಗೆ ದುಭಾಷಿಯಾಗಿ ಬಂದಿದ್ದನಂತೆ.”

ನಾನು ಚಾಪ್‌ಸ್ಟಿಕ್ ಕೆಳಗಿಟ್ಟೆ.

“ಟೀಗೆ ಎರಡು ಚಮಚ ಸಕ್ಕರೆ?” ಅಂದೆ.

ಜೂಲಿ ಬೆಕ್ಕಸಬೆರಗಾಗಿ ನನ್ನನ್ನೇ ನೋಡಿದಳು. “ಅದು ನಿನಗೆ ಹೇಗೆ ಗೊತ್ತು?”

ಹೇಗೆ ಗೊತ್ತು ಅಂದರೆ? ಸಿಂಗಪುರದಲ್ಲಿ ನಾಲ್ಕು ಕನ್ನಡ ಹಬ್ಬದೂಟ ಉಂಡ ಯಾರಿಗೆ ಆ ಕಥೆ ಗೊತ್ತಿಲ್ಲ?

ಮೂರ್ತಿ ಅಂಕಲ್ ಜುರಾಂಗ್ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಎಂಜಿನಿಯರ್, ಮನೆ ಬೂನ್ ಲೇಯಲ್ಲಿ. ಸೋವಿಯತ್ ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿ ರಷ್ಯಾದಲ್ಲಿ ಓದಿದವರು. ಯುಗಾದಿ ಊಟವೋ, ಗಣೇಶನ ಹಬ್ಬವೋ, ಹೋಳಿಗೆ ಮುಗಿದು ಮಜ್ಜಿಗೆ ಬರುವ ಹೊತ್ತಿಗೆ ಯಾರಾದರೂ ಒಬ್ಬರು ಕೆಣಕುತ್ತಾರೆ: “ಅಂಕಲ್, ಅಮೆರಿಕಾಗೂ ರಷ್ಯಾಗೂ ರಾಜಿ ಮಾಡಿಸಿದ್ರಲ್ಲ, ಅದು ಹೇಳಿ.” ಅಂಕಲ್ ಬೇಡ ಬೇಡ ಎನ್ನುತ್ತಲೇ ಶುರು ಮಾಡುತ್ತಾರೆ.

“ದಾವಣಗೆರೆಗೆ ಹಿಮ ಬಿದ್ರೆ ಹೆಂಗಿರತ್ತೆ, ಹಂಗಿತ್ತು ಕಣಯ್ಯ ಊರು. ಎಲ್ಲಿ ನೋಡಿದ್ರೂ ಬಟ್ಟೆ ಗಿರಣಿ. ಆ ಊರಿಗೆ ಅಮೆರಿಕದವರು ಮೊದಲನೇ ಸಲ ಬಂದಿದ್ದು ಕ್ರಾಂತಿ ಆದ್ಮೇಲೆ ಬಂದ ದೊಡ್ಡ ಬರಗಾಲದಲ್ಲಂತೆ, ಮಕ್ಕಳಿಗೆ ಗಂಜಿ ಹಾಕೋಕೆ. ಆಮೇಲೆ ಒಬ್ಬನೇ ಒಬ್ಬ ಅಮೆರಿಕದವನು ಆ ಕಡೆ ತಲೆ ಹಾಕಿಲ್ಲ. ಗಂಜಿ ಕುಡಿದೋರೂ ಆ ಮಾತು ಬಾಯಿ ಬಿಡ್ತಿರ್ಲಿಲ್ಲ, ಯಾರು ಎಲ್ಲಿ ಕೇಳಿಸ್ಕೋತಾರೋ ಅಂತ. ಇದ್ದಕ್ಕಿದ್ದಂಗೆ ಒಂದಿನ ಬಸ್ ತುಂಬ ಅಮೆರಿಕದವರು! ಇಡೀ ಊರೇ ರಸ್ತೇಲಿ. ಮಕ್ಕಳು ಬಂದು ಬಸ್ಸನ್ನ ಮುಟ್ಟಿ ಮುಟ್ಟಿ ನೋಡ್ತಿದ್ವು.”

ಊರಿನ ಇಂಗ್ಲಿಷ್ ಮೇಷ್ಟ್ರುಗಳೆಲ್ಲ ದೊಡ್ಡ ಅಧಿಕಾರಿಗಳ ಜತೆ ಹಂಚಿಹೋದರು. ದುಭಾಷಿಗಳು ಸಾಲದೆ ಹಾಸ್ಟೆಲಿನಿಂದ ಮೂರ್ತಿಯನ್ನು ಎಳೆದುಕೊಂಡು ಹೋದರು. ಒಬ್ಬೊಬ್ಬ ಅತಿಥಿಗೆ ಒಂದೊಂದು ಮನೆಯಲ್ಲಿ ಟೀ. ಡೇವಿಡ್ ಎಂಬ ಹೈಸ್ಕೂಲ್ ಮೇಷ್ಟ್ರಿಗೆ ಸಿಕ್ಕಿದ್ದು ತಮಾರಾ ಎಂಬ ಗಿರಣಿ ಕೆಲಸಗಾರ್ತಿಯ ಮನೆ. ಆಕೆಯ ತಾಯಿ ಬರಗಾಲದಲ್ಲಿ ಅಮೆರಿಕದ ಗಂಜಿ ಕುಡಿದು ಬದುಕಿದ ಮಗು. ಅದಕ್ಕೇ ಆ ಮನೆಯನ್ನು ಆರಿಸಿದ್ದರು.

“ಆಕೆ ಮೊದಲು ಥ್ಯಾಂಕ್ಸ್ ಹೇಳಿದ್ರು. ಆಮೇಲೆ ಮಾತಾಡೋಕೆ ಶುರು ಮಾಡಿದ್ರು ನೋಡಿ...” ಇಲ್ಲಿ ಅಂಕಲ್ ಎದ್ದು ನಿಂತು, ಕೈ ಆಡಿಸುತ್ತಾ, ಉಸಿರು ಬಿಡದೆ ರಷ್ಯನ್ ಭಾಷೆಯಲ್ಲಿ ಏನೇನೋ ಹೇಳುತ್ತಾರೆ. ನಮಗೆ ಒಂದಕ್ಷರ ಅರ್ಥವಾಗದು, ಆದರೂ ಹೊಟ್ಟೆ ಹಿಡಿದುಕೊಂಡು ನಗುತ್ತೇವೆ. “ಅಷ್ಟೂ ಮುಗಿದ ಮೇಲೆ ಡೇವಿಡ್ ನನ್ನ ಕಡೆ ತಿರುಗಿ, ಏನಂತೆ ಅಂದ್ರು. ನಾನಂದೆ, ‘ನಿಮಗೆ ಟೀಗೆ ಸಕ್ಕರೆ ಬೇಕಾ ಅಂತ ಕೇಳ್ತಿದಾರೆ.’ ಅವರು ಗಹಗಹಿಸಿ ನಕ್ಕುಬಿಟ್ಟು, ‘ಹೌದು, ಎರಡು ಚಮಚ!’ ಅಂದ್ರು. ಅಲ್ಲಿಗೆ ಕೋಲ್ಡ್ ವಾರ್ ಫಿನಿಶ್!”

ಚಪ್ಪಾಳೆ. ಆಮೇಲೆ ಬಾಳೆಹಣ್ಣು, ಎಲೆ ಅಡಿಕೆ.

ಸರಿ. ಜೂಲಿಯ ಎದುರೇ ಅಂಕಲ್‌ಗೆ ಫೋನ್ ಹಚ್ಚಿದೆ. “ಅಂಕಲ್, ಎಲ್ಲಿದೀರಾ? ಕೂತ್ಕೊಳ್ಳಿ ಮೊದಲು. ನಿಮ್ಮ ಎರಡು ಚಮಚದ ಡೇವಿಡ್ ಸಿಂಗಪುರದಲ್ಲಿದಾರೆ!”

ಆ ಕಡೆ ಕಿರುಚಾಟ ಕೇಳುತ್ತದೆ ಎಂದುಕೊಂಡಿದ್ದೆ. ಸದ್ದೇ ಇಲ್ಲ.

“ಅಂಕಲ್?”

“ಹಾಂ, ಹಾಂ. ಸಂತೋಷ ಕಣಮ್ಮ ಸುಮಾ. ಆದ್ರೆ ಈ ವಾರ ಫ್ಯಾಕ್ಟರೀಲಿ ಶಟ್‌ಡೌನ್ ಇದೆ. ಮುಂದಿನ ತಿಂಗಳು ನೋಡೋಣ?”

ಮುಂದಿನ ತಿಂಗಳು ಎಲ್ಲಿಂದ ಬರಬೇಕು? ಆ ಹಿರಿಯರು ವಾರದೊಳಗೆ ಹೊರಡುವವರು. ಹೃದಯದ ತೊಂದರೆ, ಇಷ್ಟು ದೂರದ ವಿಮಾನ ಪ್ರಯಾಣ ಇದೇ ಕೊನೆ ಎಂದು ಡಾಕ್ಟರ್ ಹೇಳಿ ಕಳಿಸಿದ್ದಾರೆ. ನಾನು ಬಿಡುವವಳಾ? (ನನ್ನನ್ನು ಬಲ್ಲವರು ಇಲ್ಲಿ ನಗಬಹುದು.) “ಶನಿವಾರ ಬೆಳಗ್ಗೆ ನಿಮ್ಮನೇಗೆ ಕರ್ಕೊಂಡು ಬರ್ತೀನಿ. ಆಂಟಿಗೆ ಹೇಳಿ, ಕೋಡುಬಳೆ ಮಾಡ್ಲಿ,” ಎಂದು ಫೋನ್ ಇಟ್ಟೆ. ಅಂಕಲ್‌ಗೆ ಸಂಕೋಚ ಎಂದುಕೊಂಡೆ. ಕಥೆಯಲ್ಲಿ ಉಪ್ಪುಖಾರ ಸ್ವಲ್ಪ ಜಾಸ್ತಿ ಹಾಕಿದ್ದಾರೇನೋ, ಸಿಕ್ಕಿಬೀಳುವ ಭಯ ಎಂದುಕೊಂಡೆ.

ಶನಿವಾರ ಜೂಲಿಗೆ ಕೆಲಸವಿತ್ತು. ಡೇವಿಡ್ ಅವರನ್ನು ನಾನೇ ಎಂಆರ್‌ಟಿಯಲ್ಲಿ ಬೂನ್ ಲೇಗೆ ಕರೆದುಕೊಂಡು ಹೋದೆ. ಎತ್ತರದ ಆಳು, ಬೆನ್ನು ಬಾಗಿದೆ, ಕೈಯಲ್ಲಿ ಊರುಗೋಲು. ರೈಲಿನಲ್ಲಿ ಒಬ್ಬ ಹುಡುಗಿ ಎದ್ದು ಸೀಟು ಕೊಟ್ಟರೆ ಮೂರು ಸಲ ಥ್ಯಾಂಕ್ಸ್ ಹೇಳಿದರು. ದಾರಿಯುದ್ದಕ್ಕೂ ಮಾತು ಕಡಿಮೆ. “ಮೂರ್ತಿಯನ್ನು ಒಂದು ವಿಷಯ ಕೇಳಬೇಕು,” ಎಂದರು. ಏನು ಎಂದು ನಾನು ಕೇಳಲಿಲ್ಲ. ಏನಿದ್ದೀತು, ಹಳೆಯ ನೆನಪು!

ಬಾಗಿಲಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸಲಿಲ್ಲ. ಹೇಗೆ ಗುರುತಿಸಿಯಾರು? ಇಪ್ಪತ್ತೆರಡರ ಹುಡುಗನಿಗೆ ಈಗ ಬೊಕ್ಕತಲೆ. ಆಮೇಲೆ ಡೇವಿಡ್ ಊರುಗೋಲನ್ನು ಗೋಡೆಗೆ ಒರಗಿಸಿ ಎರಡೂ ಕೈಯಿಂದ ಅಂಕಲ್ ಕೈ ಹಿಡಿದುಕೊಂಡರು. ಅಂಕಲ್ ತಲೆ ತಗ್ಗಿಸಿಕೊಂಡೇ “ವೆಲ್‌ಕಮ್, ವೆಲ್‌ಕಮ್” ಎಂದರು. ನನಗೋ ಸಂಭ್ರಮ. ಒಂದು ಫೋಟೋನೂ ತೆಗೆದೆ.

ಅಂಕಲ್ ಹೆಂಡತಿ ಪದ್ಮಾ ಆಂಟಿ ಟ್ರೇ ಹಿಡಿದು ಬಂದರು. ಅಂದು ಕಾಫಿಯಲ್ಲ, ವಿಶೇಷವಾಗಿ ಟೀ. ನಗುನಗುತ್ತಾ ಸಕ್ಕರೆ ಬಟ್ಟಲನ್ನು ಮುಂದೆ ಹಿಡಿದು ಇಂಗ್ಲಿಷಿನಲ್ಲಿ ಕೇಳಿದರು, “ಎರಡು ಚಮಚ ಅಲ್ವಾ? ನನಗೆ ಗೊತ್ತು!”

ಡೇವಿಡ್ ಅಂಗೈ ಅಡ್ಡ ಹಿಡಿದರು. “ಬೇಡಮ್ಮ. ಆ ದಿನದಿಂದ ನಾನು ಟೀಗೆ ಸಕ್ಕರೆ ಹಾಕಿಕೊಂಡಿಲ್ಲ.”

ಆಂಟಿಯ ನಗು ಹಾಗೇ ನಿಂತಿತು.

“ಅಲ್ಲಿ ಆಗ ಸಕ್ಕರೆಗೆ ರೇಷನ್ ಇತ್ತಂತೆ. ಅಮೆರಿಕಕ್ಕೆ ವಾಪಸ್ ಹೋದ ಮೇಲೆ ಯಾರೋ ಹೇಳಿದರು,” ಎಂದರು ಡೇವಿಡ್. ನಿಧಾನವಾಗಿ, ಪಾಠ ಹೇಳುವವರ ಹಾಗೆ. “ಮೂರ್ತಿ, ನಿನಗೆ ನೆನಪಿದೆಯಾ? ನಾನು ಎರಡು ಚಮಚ ಅಂದೆ. ಆ ಹೆಂಗಸು ನನ್ನನ್ನು ಒಂದು ಸಲ ನೋಡಿದರು. ಎದ್ದು ಒಳಗೆ ಹೋದರು. ಮತ್ತೆ ಹೊರಗೆ ಬರಲೇ ಇಲ್ಲ. ನೀನು, ಆಕೆಗೆ ನಾಚಿಕೆ ಅಂದೆ. ನಾಚಿಕೆಯ ನೋಟ ನನಗೆ ಗೊತ್ತು. ಜೀವಮಾನವೆಲ್ಲ ಮಕ್ಕಳಿಗೆ ಪಾಠ ಹೇಳಿದ್ದೇನೆ. ಅದು ನಾಚಿಕೆಯಾಗಿರಲಿಲ್ಲ. ಬಡವರ ಮನೆಯ ಸಕ್ಕರೆಯನ್ನು ನಗುತ್ತಾ ಕೇಳಿದೆನಲ್ಲ ಎಂದು ಎಷ್ಟೋ ವರ್ಷ ನನ್ನನ್ನೇ ಬೈದುಕೊಂಡಿದ್ದೇನೆ. ಆದರೆ ಸಕ್ಕರೆಗೆ ಯಾರಾದರೂ ಹಾಗೆ ನೋಡುತ್ತಾರಾ? ನೀನು ಅಲ್ಲಿದ್ದೆ. ಸಕ್ಕರೆಗೇನಾ?”

ಮೂರ್ತಿ ಅಂಕಲ್ ಮುಖದಲ್ಲಿ ರಕ್ತವಿರಲಿಲ್ಲ. ಟೀ ಲೋಟ ಬಾಯಿಯವರೆಗೆ ಹೋಗಿ ನಿಂತಿತ್ತು. ಏನೋ ಇದೆ ಎಂದು ನನಗೆ ಆಗ ಹೊಳೆಯಿತು. ಏನೋ ಕೆಟ್ಟದ್ದೇ ಇದೆ.

ನಾನು ತಕ್ಷಣ ಕನ್ನಡಕ್ಕೆ ಇಳಿದೆ. “ಅಂಕಲ್, ಹೌದು ಅಂದ್ಬಿಡಿ. ಸಕ್ಕರೆಗೇ ಅಂತ ಹೇಳಿ ಮುಗಿಸಿ. ವಯಸ್ಸಾದೋರು, ಹಾರ್ಟ್ ಬೇರೆ ಸರಿ ಇಲ್ಲ. ಈಗ್ಯಾಕೆ ಹಳೇದೆಲ್ಲ?”

“ಸುಮಾ ಏನು ಹೇಳಿದರು?” ಎಂದರು ಡೇವಿಡ್.

ಅಂಕಲ್ ನನ್ನನ್ನು ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಬಿಡಿಸಿ ಹೇಳಿದರು: “ಹೌದು ಎಂದು ಸುಳ್ಳು ಹೇಳಿ ಮುಗಿಸಿಬಿಡಿ ಎಂದು ನನಗೆ ಹೇಳುತ್ತಿದ್ದಾರೆ.”

ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಡೇವಿಡ್ ನನ್ನ ಮೇಲೆ ಕೋಪಿಸಿಕೊಳ್ಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಅಂಕಲ್ ಬಾಯಿ ತೆರೆಯುವುದನ್ನೇ ಕಾಯುತ್ತಾ ಕುಳಿತರು.

ಅಂಕಲ್ ಹೇಳಿದರು.

“ಆಕೆ ಥ್ಯಾಂಕ್ಸ್ ಹೇಳಿದ್ದು ನಿಜ. ನನ್ನ ತಾಯಿ ನಿಮ್ಮವರ ಗಂಜಿಯಿಂದ ಬದುಕಿದಳು ಎಂದರು. ಅದನ್ನು ನಾನು ಸರಿಯಾಗಿಯೇ ಹೇಳಿದೆ. ನಮ್ಮ ಜತೆ ಬಂದಿದ್ದ ಅಧಿಕಾರಿ ಅಷ್ಟು ಕೇಳಿಸಿಕೊಂಡು ಸಿಗರೇಟು ಸೇದಲು ಹೊರಗೆ ಹೋದ. ಆಮೇಲೆ ಆಕೆ ಹೇಳಿದ್ದು ಬೇರೆ. ಹೀಗೆ ಹೇಳಿದರು: ‘ನನ್ನ ಮಗ ಅಫ್ಘಾನಿಸ್ತಾನದಲ್ಲಿ ಸತ್ತ. ಹೆಲಿಕಾಪ್ಟರಿನಲ್ಲಿದ್ದ. ಅದನ್ನು ಹೊಡೆದು ಬೀಳಿಸಿದ ರಾಕೆಟ್ ನಿಮ್ಮ ದೇಶ ಕೊಟ್ಟಿದ್ದು. ನನ್ನ ಅಮ್ಮನಿಗೆ ಗಂಜಿ ಕೊಟ್ಟಿರಿ. ನನ್ನ ಮಗನನ್ನು ಕೊಲ್ಲಲು ರಾಕೆಟ್ ಕೊಟ್ಟಿರಿ. ನಾನು ನಿಮಗೆ ಏನೆನ್ನಲಿ? ಥ್ಯಾಂಕ್ಸ್ ಹೇಳು ಅಂತ ಅಧಿಕಾರಿಗಳು ಕಲಿಸಿದರು, ಹೇಳಿದ್ದೇನೆ. ಈಗ ನಾನೊಂದು ಕೇಳಬೇಕು.’ ಆಮೇಲೆ ನನ್ನ ಕಡೆ ತಿರುಗಿ, ‘ಇವರನ್ನು ಕೇಳು. ಇವರು ಅವರ ಸರ್ಕಾರಕ್ಕೆ ತೆರಿಗೆ ಕಟ್ಟುತ್ತಾರಾ?’ ಎಂದರು.”

ಅಂಕಲ್ ಲೋಟ ಕೆಳಗಿಟ್ಟರು.

“ಸಕ್ಕರೆ ಬೇಕಾ ಅಂತ ಕೇಳಿದವನು ನಾನು.”

ಕೆಳಗೆ, ಕಟ್ಟಡದ ತಳದ ಖಾಲಿ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಮಕ್ಕಳು ಚೆಂಡು ಒದೆಯುವ ಸದ್ದು. ಪದ್ಮಾ ಆಂಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಅವರಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೂ ಹೇಳಿರಲಿಲ್ಲ.

ಹೇಳುವಾಗ ಅಂಕಲ್ ಖಾಲಿ ಕೈ ಆಡಿಸಿದ ರೀತಿಯನ್ನು ನಾನು ಮೊದಲೇ ನೋಡಿದ್ದೆ. ಹಬ್ಬದೂಟದಲ್ಲಿ ಅಂಕಲ್ ಕೈ ಆಡಿಸುತ್ತಾ ಅಷ್ಟುದ್ದ ರಷ್ಯನ್ ಮಾತಾಡುತ್ತಿದ್ದರಲ್ಲ, ಅದು ಬಾಯಿಗೆ ಬಂದ ಮಾತಲ್ಲ. ಅದು ಆಕೆಯ ಮಾತು. ಅಕ್ಷರ ಅಕ್ಷರ ಆಕೆಯದೇ. ಮಗ ಸತ್ತ ತಾಯಿ ಆಡಿದ ಮಾತಿಗೆ ನಾವು ಪ್ರತಿ ಯುಗಾದಿಗೆ ನಗುತ್ತಿದ್ದೆವು.

“ನಾನು ನಕ್ಕೆ,” ಎಂದರು ಡೇವಿಡ್.

“ಹೌದು.”

“ನಕ್ಕು, ಹೌದು ಎಂದೆ. ಆಕೆಗೆ ನೀನು ಏನು ಹೇಳಿದೆ?”

“‘ಹೌದು’ ಎನ್ನುತ್ತಿದ್ದಾರೆ, ಎಂದೆ.”

ಡೇವಿಡ್ ಊರುಗೋಲು ತೆಗೆದುಕೊಂಡು ಎದ್ದರು. ಹೊರಟೇಬಿಟ್ಟರು ಎಂದು ನಾನೂ ಎದ್ದೆ. ಅವರು ಕಿಟಕಿಯವರೆಗೆ ಹೋಗಿ ನಮಗೆ ಬೆನ್ನು ಹಾಕಿ ನಿಂತರು.

“ಹೆದರಿಕೆಗಾ ಅಂಕಲ್?” ನಾನು ಮೆಲ್ಲಗೆ ಕೇಳಿದೆ. “ಸ್ಕಾಲರ್‌ಶಿಪ್ ಹೋಗತ್ತೆ ಅಂತಾನಾ?” ಹೌದು ಅಂದರೆ ಸಾಕಿತ್ತು ನನಗೆ. ಹೆದರಿಕೆಯನ್ನು ಕ್ಷಮಿಸುವುದು ಸುಲಭ.

“ಇಲ್ಲ ಕಣಮ್ಮ. ಹೆದರಿಸೋಕೆ ಅಲ್ಲಿ ಯಾರೂ ಇರ್ಲಿಲ್ಲ,” ಎಂದರು. “ನಮ್ಮನೇಲಿ ಅದೇ ಅಭ್ಯಾಸ.”

ಮೈಸೂರಿನ ಅಗ್ರಹಾರದ ಮನೆ. ಅಜ್ಜಿಗೂ ಅಮ್ಮನಿಗೂ ಮಾತಿಲ್ಲ. ಒಂದೇ ಒಲೆ, ಒಂದೇ ನಡುಮನೆ, ಮಾತು ಮಾತ್ರ ಮೂರ್ತಿಯ ಮೂಲಕ. ಅಜ್ಜಿ ಹೇಳುವುದು: “ಹೋಗಿ ಹೇಳೋ ನಿಮ್ಮಮ್ಮಂಗೆ, ಈ ಸಾರನ್ನ ನಾಯೀನೂ ಮೂಸಲ್ಲ ಅಂತ.” ಮೂರ್ತಿ ಅಡುಗೆಮನೆಗೆ ಹೋಗಿ ಹೇಳುವುದು: “ಅಮ್ಮಾ, ಸಾರಿಗೆ ಒಂಚೂರು ಉಪ್ಪು ಕಮ್ಮಿಯಂತೆ.” ಅಮ್ಮ ಹೇಳುವುದು: “ಮುದುಕಿಗೆ ನಾಲಿಗೆ ಒಂದೇ ನೆಟ್ಟಗಿರೋದು ಅಂತ ಹೇಳು.” ಮೂರ್ತಿ ನಡುಮನೆಗೆ ಬಂದು: “ಅಜ್ಜಿ, ನಾಳೆ ನಿನ್ನ ಕೇಳಿಯೇ ಮಾಡ್ತಾಳಂತೆ.” ಬೀದಿಯವರೆಲ್ಲ ಹೊಗಳುವವರೇ. ನಮ್ಮ ಮೂರ್ತಿ ಬಾಯಲ್ಲಿ ಬಂದರೆ ಬೈಗುಳವೂ ಕಲ್ಲುಸಕ್ಕರೆ!

“ಹಂಗೇ ಬೆಳೆದೆ. ಇಬ್ಬರ ಮಧ್ಯ ಕೂತ್ರೆ ಖಾರ ತೆಗೆದು ದಾಟಿಸೋದೇ ನನ್ನ ಕೆಲಸ ಅಂದ್ಕೊಂಡಿದ್ದೆ. ಅವತ್ತೂ ಯೋಚನೆ ಮಾಡಿ ಹೇಳಿದ್ದಲ್ಲ. ಬಾಯಿಗೆ ತಾನಾಗೇ ಸಕ್ಕರೆ ಬಂತು. ಒಳ್ಳೇದು ಮಾಡ್ತಿದೀನಿ ಅಂದ್ಕೊಂಡೆ ಸುಮಾ. ಆಕೆ ಎದ್ದು ಹೋದ್ರಲ್ಲ, ಆಗ ಗೊತ್ತಾಯ್ತು ಏನ್ ಮಾಡಿದೀನಿ ಅಂತ. ಆಮೇಲೆ ಅದನ್ನ ನಗೆಚಾಟಿಕೆ ಮಾಡ್ಕೊಂಡು ಹೇಳ್ತಾ ಬಂದೆ. ಹೇಳಿ ಹೇಳಿ ನನಗೇ ಅದು ಜೋಕ್ ಅನ್ನಿಸೋಕೆ ಶುರುವಾಗಿತ್ತು.”

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ನಾಡು ನಮ್ಮದು. ಮದುವೆ ಮಾಡಿಸಬಹುದು ಸ್ವಾಮಿ. ಆ ಮದುವೆಯಲ್ಲಿ ಬಾಳಬೇಕಾದವರು ಯಾರು?

ಡೇವಿಡ್ ಕಿಟಕಿಯಿಂದ ತಿರುಗಿದರು. ಕಣ್ಣು ಕೆಂಪಗಿದ್ದವು. ದನಿಯಲ್ಲಿ ಸಿಟ್ಟಿತ್ತು, ನಿಜವಾದ ಸಿಟ್ಟು. “ಅದನ್ನು ನಾನು ಕೇಳಬಾರದು ಅಂತ ತೀರ್ಮಾನಿಸಲು ನೀನು ಯಾರು? ಅಂಥ ಮಾತು ಕೇಳಲೆಂದೇ ನಾನು ಅಷ್ಟು ದೂರ ಹೋಗಿದ್ದೆ. ಟೀ ಜತೆ ಕೊಡುವ ಜ್ಯಾಮ್ ತಿನ್ನಲು ಹೋಗಿರಲಿಲ್ಲ.”

ಅಂಕಲ್ ತಲೆ ಎತ್ತಲಿಲ್ಲ.

“ನನ್ನ ಹತ್ತಿರ ಉತ್ತರ ಇತ್ತು. ಈಗಲೂ ಇದೆ. ಹೌದು, ತೆರಿಗೆ ಕಟ್ಟಿದ್ದೇನೆ. ಒಂದು ವರ್ಷವೂ ತಪ್ಪಿಸಿಲ್ಲ. ಆ ದುಡ್ಡಿನಿಂದ ಏನೇನು ಕೊಳ್ಳುತ್ತಾರೆ ಅಂತ ಪೇಪರಿನಲ್ಲಿ ಓದುತ್ತಿದ್ದೆ. ಓದಿಯೂ ಕಟ್ಟಿದೆ. ನನ್ನನ್ನು ಕ್ಷಮಿಸಿ ಎಂದು ಕೇಳುವ ಧೈರ್ಯ ಇತ್ತೋ ಇಲ್ಲವೋ, ಗೊತ್ತಿಲ್ಲ. ನಗುತ್ತಾ ಮಾತ್ರ ಹೇಳುತ್ತಿರಲಿಲ್ಲ.” ಬಂದು ಅಂಕಲ್ ಎದುರು ಕುಳಿತರು. “ಆಕೆ ಬದುಕಿದ್ದರೆ ಇದನ್ನು ತಲುಪಿಸು. ನಾನು ಹೇಳಿದ ಹಾಗೇ ತಲುಪಿಸು.”

ತಲುಪಿಸುವುದು ಹೇಗೆ? ಆ ಊರಿನಲ್ಲಿ ಅಂಕಲ್‌ಗೆ ಈಗ ಉಳಿದಿರುವವರು ಒಬ್ಬರೇ. ಸೆರ್ಗೇಯ್, ಹಾಸ್ಟೆಲಿನ ರೂಮ್‌ಮೇಟ್. ಹೊಸ ವರ್ಷಕ್ಕೆ ವಿಶ್ ಮಾಡುವಷ್ಟು ಬಳಕೆ ಇದೆ. ಅಂದೇ ಮಧ್ಯಾಹ್ನ, ಡೇವಿಡ್ ಅವರನ್ನು ಮಗಳ ಮನೆಗೆ ಬಿಟ್ಟು ನಾನು ವಾಪಸ್ ಬಂದ ಮೇಲೆ, ಅಂಕಲ್ ಫೋನ್ ಮಾಡಿದರು. ನನಗೆ ರಷ್ಯನ್ ಬರುವುದಿಲ್ಲ. ಮುಖ ನೋಡುತ್ತಾ ಕೂತಿದ್ದೆ. ಮೊದಲು ನಗು, ಕುಶಲ. ಆಮೇಲೆ ಅಂಕಲ್ ಹೇಳುತ್ತಾ ಹೋದರು, ಆ ಕಡೆಯ ದನಿ ಸಣ್ಣದಾಗುತ್ತಾ ಹೋಯಿತು. ಆಮೇಲೆ ಅಂಕಲ್ ಮೇಜು ಕುಟ್ಟಿ ಏನೋ ಗಟ್ಟಿಯಾಗಿ ಹೇಳಿದರು. ಫೋನ್ ಕಟ್ಟಾಯಿತು.

“ಏನಂದ್ರು?” ಎಂದೆ.

“ಇಂಥ ಯುದ್ಧದ ಕಾಲದಲ್ಲಿ ಫೋನಲ್ಲಿ ಅಮೆರಿಕ ಅನ್ನೋ ಮಾತೇ ಎತ್ಬೇಡ ಅಂದ. ತಮಾರಾ ಬದುಕಿದಾರಂತೆ. ನದಿ ಆಚೆ ಮೊಮ್ಮಗಳ ಮನೇಲಿದಾರಂತೆ. ಇಂಡಿಯಾದಿಂದ ಹಳೇ ಸ್ಟೂಡೆಂಟ್ ಒಬ್ಬ ಚೆನ್ನಾಗಿದೀರಾ ಅಂತ ಕೇಳ್ದ, ಅಂತ ಹೇಳ್ಬಿಡ್ತೀನಿ, ಅಷ್ಟು ಸಾಕಲ್ವಾ ಅಂದ.”

“ನೀವೇನಂದ್ರಿ?”

“ಬೇಡ ಅಂದೆ. ಹೇಳೋದಾದ್ರೆ ಆತ ಹೇಳಿದ ಮಾತನ್ನ ಇದ್ದಿದ್ದು ಇದ್ದಂಗೆ ಹೇಳು. ಇಲ್ಲಾಂದ್ರೆ ಹೋಗ್ಲೇ ಬೇಡ ಅಂದೆ.”

ಸೆರ್ಗೇಯ್ ಅವರನ್ನು ನಾನು ದೂರಲಾರೆ. ಗಂಜಿ ಕುಡಿದವರ ಕಾಲದಿಂದ ಆ ಊರಿನಲ್ಲಿ ಅಮೆರಿಕದವರ ಜತೆ ಆಡಿದ ಒಂದೊಂದು ಮಾತಿಗೂ ಜನ ಅಕ್ಕಪಕ್ಕ ನೋಡಿಕೊಂಡಿದ್ದಾರೆ. ಆ ಬಸ್ ಬಂದ ಕಾಲದಲ್ಲಿ ನೋಡಿಕೊಳ್ಳುವುದನ್ನು ಸ್ವಲ್ಪ ದಿನ ಮರೆತಿದ್ದರು, ಅಷ್ಟೆ. ಈಗ ಮತ್ತೆ ಶುರುವಾಗಿದೆ. ಅವರ ಮನೆಯಲ್ಲೂ ಮಿಲಿಟರಿ ವಯಸ್ಸಿನ ಮಗನಿದ್ದಾನಂತೆ.

ದೂರುವುದಾದರೆ ನಮ್ಮನ್ನು ದೂರಬೇಕು. ನಮಗೆ ಯಾವ ಭಯ? ಯಾವ ಪೊಲೀಸ್ ನಿಂತಿದ್ದಾನೆ ನಮ್ಮ ಬಾಗಿಲಲ್ಲಿ? ಯಿಶುನ್‌ನ ನನ್ನ ಫ್ಲಾಟಿನಲ್ಲಿ ದಿನಾ ಏನು ನಡೆಯುತ್ತದೆ ಕೇಳಿ. ಊರಿನಿಂದ ಅತ್ತೆ ವಿಡಿಯೋ ಕಾಲ್ ಮಾಡಿ, “ಅವಳಿಗೆ ಈ ಸಲಾನೂ ಬರೋಕೆ ಪುರಸೊತ್ತಿಲ್ವಂತಾ?” ಎಂದು ಗದರಿದರೆ, ಗಂಡ ನನಗೆ ಹೇಳುವುದು, “ಅಮ್ಮ ನಿನ್ನ ನೆನೆಸ್ಕೊಂಡ್ರು.” ನಾನೇನು ದಡ್ಡಿಯಾ? ಪಕ್ಕದ ರೂಮಿಗೆ ಕೇಳಿಸುವುದಿಲ್ಲವಾ? ಆದರೂ ನಾನು ಹೇಳುವುದು, “ನಾನೂ ಕೇಳ್ದೆ ಅಂತ ಹೇಳಿ.” ಮುಗಿಯಿತು. ಎರಡು ಕಡೆಯೂ ಶಾಂತಿ. ಅತ್ತೆಗೆ ನನ್ನ ಮೇಲಿರುವ ನಿಜವಾದ ಬೇಸರ ಏನು ಎಂದು ಇವತ್ತಿಗೂ ನನಗೆ ಯಾರೂ ಹೇಳಿಲ್ಲ. ಅದಕ್ಕೆ ನನ್ನ ಹತ್ತಿರ ಉತ್ತರ ಇದ್ದಿರಬಹುದು. ಕೇಳಿದವರಿಲ್ಲ.

ಬೇರೆಯವರ ನೋವಿನಲ್ಲಿ ಖಾರ ಎಷ್ಟಿರಬೇಕು ಎಂದು ಅಳೆಯುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು? ಮಧ್ಯೆ ಕೂತವರಿಗೆ ಜಗಳ ಬೇಡ, ಸರಿ. ಮಧ್ಯೆ ಕೂತವರ ಮನೆಯ ಮಗ ಸತ್ತಿರಲಿಲ್ಲವಲ್ಲ?

ಡೇವಿಡ್ ಹೊರಟ ದಿನ ಅಂಕಲ್ ಏರ್‌ಪೋರ್ಟಿಗೆ ಬಂದಿದ್ದರು. ಸೆರ್ಗೇಯ್ ಕಡೆಯಿಂದ ಇನ್ನೂ ಸುದ್ದಿ ಇರಲಿಲ್ಲ. “ಸುದ್ದಿ ಬಂದರೆ ಏನಿದೆಯೋ ಅದನ್ನೇ ಹೇಳು,” ಎಂದರು ಡೇವಿಡ್. ಅಂಕಲ್ ತಲೆಯಾಡಿಸಿದರು. ಕೈ ಕುಲುಕಿದರು. ಅಪ್ಪುಗೆ ಗಿಪ್ಪುಗೆ ಇಲ್ಲ. ಜೂಲಿಗೆ ಅಪ್ಪ ಎಲ್ಲ ಹೇಳಿದ್ದರೆನ್ನಿಸುತ್ತದೆ. ಆಫೀಸಿನಲ್ಲಿ ಅವಳು ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೊನ್ನೆ ಭಾನುವಾರ ಅಂಕಲ್ ಫೋನ್ ಮಾಡಿದರು. “ಸುಮಾ, ಒಂದ್ನಿಮಿಷ ಬಂದು ಹೋಗ್ತೀಯಾ?” ದನಿಯೇ ಬೇರೆಯಿತ್ತು. ಯಿಶುನ್‌ನಿಂದ ಬೂನ್ ಲೇ ಅಂದರೆ ಒಂದು ನಿಮಿಷವಾ? ಆದರೂ ಹೋದೆ.

ಸೆರ್ಗೇಯ್ ವಾಯ್ಸ್ ಮೆಸೇಜ್ ಕಳಿಸಿದ್ದರು. ಹೋಗಿಬಂದಿದ್ದಾರೆ! ಸಿಟ್ಟಿನಲ್ಲಿ ಫೋನ್ ಕಟ್ ಮಾಡಿದ ಮನುಷ್ಯ, ಆಮೇಲೆ ಮನಸ್ಸು ತಡೆಯದೆ, ನದಿ ದಾಟಿ, ಆ ಮೊಮ್ಮಗಳ ಮನೆ ಹುಡುಕಿಕೊಂಡು ಹೋಗಿ ಹೇಳಿದ್ದಾರೆ. ಒಂದು ಪದ ಕೂಡಿಸದೆ, ಒಂದು ಪದ ಕಳೆಯದೆ ಹೇಳಿದೆ ಎಂದು ಎರಡು ಸಲ ಹೇಳಿದರಂತೆ ಮೆಸೇಜಿನಲ್ಲಿ.

“ತಮಾರಾಗೆ ಕಣ್ಣು ಕಾಣಲ್ವಂತೆ ಈಗ. ಕಿವಿ ಚೆನ್ನಾಗಿದೆಯಂತೆ,” ಎಂದರು ಅಂಕಲ್. “ಅಮೆರಿಕದ ಮೇಷ್ಟ್ರು ಅಂದ ತಕ್ಷಣ ಗೊತ್ತಾಯ್ತಂತೆ. ಆತ ತೆರಿಗೆ ಕಟ್ಟಿದ್ದು ನಿಜವಂತೆ, ಗೊತ್ತಿದ್ದೂ ಕಟ್ಟಿದರಂತೆ, ಅಂತ ಇವನು ಹೇಳಿದ್ನಂತೆ. ಆಕೆ ಒಂದೇ ಮಾತು ಕೇಳಿದ್ರಂತೆ.”

“ಏನು?”

ಅಂಕಲ್ ಮೆಸೇಜಿನ ಆ ಭಾಗವನ್ನು ಮತ್ತೆ ಹಾಕಿದರು. ಸೆರ್ಗೇಯ್ ದನಿ. ನಾಲ್ಕೈದು ಪದ ಅಷ್ಟೆ. ಅಂಕಲ್ ಕನ್ನಡದಲ್ಲಿ ಹೇಳಿದರು:

“‘ಹಾಗಿದ್ರೆ ಆತ ನಕ್ಕಿದ್ದು ಯಾಕೆ?’”

ಪದ್ಮಾ ಆಂಟಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

“ಅಂಕಲ್, ಸೆರ್ಗೇಯ್‌ಗೆ ಸಕ್ಕರೆ ವಿಷಯ ನೀವು ಹೇಳ್ಲಿಲ್ವಾ?”

ಅವರು ಇಲ್ಲವೆಂದು ತಲೆಯಾಡಿಸಿದರು. “ಡೇವಿಡ್ ಮಾತಷ್ಟೇ ಹೇಳಿದ್ದೆ. ಅದು... ಅದು ಬೇಡ ಅನ್ನಿಸ್ತು.”

“ಡೇವಿಡ್‌ಗೇ ಕಳಿಸಿಬಿಡ್ರೀ ಅದನ್ನ,” ಎಂದರು ಆಂಟಿ, ಗಂಡನ ಮುಖ ನೋಡಲಾರದೆ. “ಕೇಳಿರೋದು ಅವರನ್ನ ತಾನೇ? ಅವರೇ ಉತ್ತರ ಕೊಡ್ಲಿ.”

ಇಲ್ಲ ಆಂಟಿ, ಈ ಸಲದ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅಮೆರಿಕದವರಲ್ಲ, ಮೈಸೂರಿನವರು.